ಜವಾಬ್ದಾರಿ ಎಂದರೆ ಯಾರಿಗೆ ಜವಾಬು?

ಕೇಂದ್ರ ಸರ್ಕಾರದ ಕಛೇರಿಯಲ್ಲಿ ಗುಮಾಸ್ತಗಿರಿ ಮಾಡುವ ನಮ್ಮಂಥವರ ಕಿವಿಗೆ ದಿನಕ್ಕೆ ಹತ್ತು ಸಲವಾದರೂ ಬೀಳುವ ಇಂಗ್ಲಿಷ್ ಮಾತೆಂದರೆ ‘ರೆಸ್ಪಾನ್ಸಿಬಲ್’. ಫೈಲು ಕಳೆದರೆ ಯಾರು ರೆಸ್ಪಾನ್ಸಿಬಲ್? ಬಿಲ್ಲು ತಡವಾದರೆ ಯಾರು ರೆಸ್ಪಾನ್ಸಿಬಲ್? ಆಡಿಟ್‌ನವರು ಆಕ್ಷೇಪಣೆ ಬರೆದು ಹೋದರೆ ಯಾರು ರೆಸ್ಪಾನ್ಸಿಬಲ್? ಈ ಎಲ್ಲ ಪ್ರಶ್ನೆಗಳ ಅರ್ಥವೂ ಒಂದೇ: ಮೆಮೊವನ್ನು ಯಾರ ಹೆಸರಿಗೆ ಟೈಪು ಮಾಡಬೇಕು? ಮನೆಗೆ ಬಂದರೆ ಅದೇ ಮಾತು ಬೇರೆ ವೇಷದಲ್ಲಿ ಕುಳಿತಿರುತ್ತದೆ. ಮಕ್ಕಳ ಶಾಲೆಯಿಂದ ಬಂದ ಪ್ರಗತಿ ಪತ್ರದಲ್ಲಿ ‘ರೆಸ್ಪಾನ್ಸಿಬಲ್ ಹುಡುಗ’ ಎಂದು ಬರೆದಿದ್ದರೆ, ಹುಡುಗ ಗಲಾಟೆ ಮಾಡುವುದಿಲ್ಲ, ಹೇಳಿದ ಮಾತು ಕೇಳುತ್ತಾನೆ ಎಂದು ತಿಳಿದು ನಾವು ಸಂತೋಷದಿಂದ ಸಹಿ ಹಾಕುತ್ತೇವೆ. ಒಂದು ಕಡೆ ತಪ್ಪಿತಸ್ಥ, ಇನ್ನೊಂದು ಕಡೆ ವಿಧೇಯ. ಒಂದೇ ಪದಕ್ಕೆ ಇಷ್ಟು ದೂರದ ಎರಡು ಅರ್ಥಗಳು!

ನಾವು ಓದಿದ್ದು ಬಿ.ಎಸ್ಸಿ. ಯಾವ ಪದವನ್ನೂ ವ್ಯಾಖ್ಯೆಯಿಲ್ಲದೆ ಬಳಸಕೂಡದು ಎಂದು ಅಲ್ಲಿ ಕಲಿಸಿದ್ದರು. ಆ ಚಾಳಿ ಇನ್ನೂ ಬಿಟ್ಟಿಲ್ಲ. ಅದರ ಜೊತೆಗೆ ಹಳೆಯ ಪತ್ರಿಕೆಗಳನ್ನು, ಹಳೆಯ ಕಾಲದ ಪತ್ರಕರ್ತರ ನೆನಪುಗಳನ್ನು ಓದುವ ಹುಚ್ಚೊಂದು ಸೇರಿಕೊಂಡಿದೆ. ಮೊದಲ ಮಹಾಯುದ್ಧ ಮುಗಿದ 1918ರಿಂದ ಎರಡನೆಯ ಮಹಾಯುದ್ಧ ತೊಡಗಿದ 1939ರ ವರೆಗಿನ ಇಪ್ಪತ್ತೊಂದು ವರ್ಷಗಳಲ್ಲಿ ನಮ್ಮ ದೇಶದ ಪತ್ರಿಕೆಗಳಲ್ಲಿ ಈ ‘ರೆಸ್ಪಾನ್ಸಿಬಲ್’ ಎಂಬ ಮಾತಿಗೆ ಮೂರನೆಯ ಅರ್ಥವೊಂದಿತ್ತು. ಆ ಅರ್ಥಕ್ಕಾಗಿ ಜನ ಸೆರೆಮನೆಗೆ ಹೋದರು, ಗುಂಡೇಟು ತಿಂದರು. ನಾವು ವಾಸವಾಗಿರುವ ಈ ಹೈದರಾಬಾದಿನಲ್ಲಿ ಅದನ್ನು ಗಟ್ಟಿಯಾಗಿ ಹೇಳುವುದೂ ಅಪಾಯದ ಕೆಲಸವಾಗಿತ್ತು. ಇಂದು ಆ ಅರ್ಥ ಹೆಚ್ಚುಕಡಿಮೆ ಮರೆತೇ ಹೋಗಿದೆ. ಅದನ್ನು ಸ್ವಲ್ಪ ಕೆದಕಿ ನೋಡೋಣವೆಂದು ಈ ಲೇಖನ.

ಪದದ ಬೇರಿನಿಂದಲೇ ಪ್ರಾರಂಭಿಸೋಣ. ಲ್ಯಾಟಿನ್ ಭಾಷೆಯಲ್ಲಿ ‘ರೆಸ್ಪಾಂಡೆರೆ’ ಎಂದರೆ ಉತ್ತರ ಕೊಡುವುದು. ಅದರೊಳಗಿನ ‘ಸ್ಪಾಂಡೆರೆ’ ಎಂಬುದಕ್ಕೆ ಮಾತು ಕೊಡುವುದು, ವಚನ ಕೊಡುವುದು ಎಂಬ ಅರ್ಥ. ಅಂದಮೇಲೆ ರೆಸ್ಪಾನ್ಸಿಬಲ್ ಎಂದರೆ, ಕೇಳಿದಾಗ ಉತ್ತರ ಕೊಡಲು ಬದ್ಧನಾದವನು. ಕೇಳುವವನೊಬ್ಬ ಇಲ್ಲದಿದ್ದರೆ ಈ ಪದಕ್ಕೆ ಅರ್ಥವೇ ಇಲ್ಲ. ಕನ್ನಡ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅದಕ್ಕೊಂದು ಚತುರ್ಥಿ ವಿಭಕ್ತಿ ಬೇಕು: ಯಾರಿಗೆ?

ರಾಜಕೀಯದಲ್ಲಿ ಈ ಪದ ಹೆಸರು ಮಾಡಿದ್ದು ಕೆನಡಾ ದೇಶದಲ್ಲಿ. ಅಲ್ಲಿಯ ದಂಗೆಗಳ ನಂತರ ಬ್ರಿಟಿಷ್ ಸರ್ಕಾರ ಕಳಿಸಿದ ಲಾರ್ಡ್ ಡರ್ಹಾಮ್ 1839ರ ತನ್ನ ವರದಿಯಲ್ಲಿ, ವಸಾಹತಿನ ಮಂತ್ರಿಗಳು ಗವರ್ನರನಿಗಲ್ಲ, ಜನ ಆರಿಸಿದ ಸಭೆಗೆ ಉತ್ತರ ಕೊಡುವಂತಿರಬೇಕು ಎಂದು ಸಲಹೆ ಮಾಡಿದ. 1848ರಲ್ಲಿ ನೋವಾ ಸ್ಕೋಷಿಯಾದಲ್ಲಿ ಅಂಥ ಮೊದಲ ಮಂತ್ರಿಮಂಡಲ ಬಂತು. ಸಭೆಯ ವಿಶ್ವಾಸ ಹೋದರೆ ಮಂತ್ರಿಗಳು ಮನೆಗೆ ಹೋಗಬೇಕು. ಇದಕ್ಕೆ ‘ರೆಸ್ಪಾನ್ಸಿಬಲ್ ಗವರ್ನ್‌ಮೆಂಟ್’ ಎಂದು ಹೆಸರಾಯಿತು.

ನಮ್ಮ ದೇಶಕ್ಕೆ ಆ ಮಾತು ಅಧಿಕೃತವಾಗಿ ಕಾಲಿಟ್ಟದ್ದು 1917ರ ಆಗಸ್ಟ್ 20ರಂದು. ಭಾರತ ಮಂತ್ರಿ ಮಾಂಟೆಗು ಸಾಹೇಬರು ಲಂಡನ್ನಿನ ಕಾಮನ್ಸ್ ಸಭೆಯಲ್ಲಿ, ಭಾರತದಲ್ಲಿ ಹಂತಹಂತವಾಗಿ ರೆಸ್ಪಾನ್ಸಿಬಲ್ ಗವರ್ನ್‌ಮೆಂಟನ್ನು ತರುವುದು ಬ್ರಿಟಿಷ್ ನೀತಿಯ ಗುರಿ ಎಂದು ಸಾರಿದರು. ಇದರ ಹಿಂದೆ ಸ್ವಾರಸ್ಯದ ಕಥೆಯಿದೆ. ಮಾಂಟೆಗು ಬರೆಯಬೇಕೆಂದಿದ್ದದ್ದು ‘ಸೆಲ್ಫ್ ಗವರ್ನ್‌ಮೆಂಟ್’, ಅಂದರೆ ಸ್ವಯಮಾಡಳಿತ, ಎಂದು. ಅದು ತೀರ ಹೆಚ್ಚಾಯಿತೆಂದು ಕಂಡು ಅದನ್ನು ತೆಗೆದು ‘ರೆಸ್ಪಾನ್ಸಿಬಲ್ ಗವರ್ನ್‌ಮೆಂಟ್’ ಎಂದು ತಿದ್ದಿದವರು ಲಾರ್ಡ್ ಕರ್ಜನ್. 1905ರಲ್ಲಿ ಬಂಗಾಳವನ್ನು ಒಡೆದ ಅದೇ ಕರ್ಜನ್! ತಿದ್ದಿದ ಮಾತು ಮೊದಲಿನದಕ್ಕಿಂತ ಸೌಮ್ಯವಾಗಿದೆ ಎಂದು ಅವರು ಭಾವಿಸಿದ್ದಿರಬೇಕು. ಆದರೆ ಕೆನಡಾದ ಕಥೆ ಬಲ್ಲವರಿಗೆ ಆ ಮಾತಿನಲ್ಲಿ ಇನ್ನೂ ಹೆಚ್ಚಿನದೇ ಸಿಕ್ಕಿತು. ಡ್ರಾಫ್ಟು ತಿದ್ದುವ ಮೇಲಧಿಕಾರಿಗಳು ಒಂದು ಪದವನ್ನು ಹೊಡೆದು ಇನ್ನೊಂದನ್ನು ಬರೆದಾಗ ಏನೇನಾಗುತ್ತದೆಂಬುದು ನಮ್ಮಂಥ ಗುಮಾಸ್ತರಿಗೆ ಹೊಸದಲ್ಲ. ಆದರೆ ಇಷ್ಟು ದೊಡ್ಡ ಪರಿಣಾಮದ ತಿದ್ದುಪಡಿ ನಮ್ಮ ಸರ್ವೀಸಿನಲ್ಲಿ ಕಂಡಿಲ್ಲ.

ಮುಂದಿನ ಇಪ್ಪತ್ತು ವರ್ಷ ಪತ್ರಿಕೆಗಳು ಈ ಮಾತನ್ನು ಹಿಡಿದು ಎಳೆದಾಡಿದವು. 1919ರ ಕಾಯಿದೆಯಿಂದ ಪ್ರಾಂತಗಳಿಗೆ ದ್ವಿಮುಖ ಸರ್ಕಾರ ಬಂತು. ಶಿಕ್ಷಣ, ಆರೋಗ್ಯ, ಬೇಸಾಯಗಳಂಥ ಇಲಾಖೆಗಳ ಮಂತ್ರಿಗಳು ಶಾಸನ ಸಭೆಗೆ ರೆಸ್ಪಾನ್ಸಿಬಲ್. ಹಣಕಾಸು, ಪೊಲೀಸು, ಕಂದಾಯದವರು ಗವರ್ನರಿಗೆ ರೆಸ್ಪಾನ್ಸಿಬಲ್. ಅಂದರೆ ಖರ್ಚು ಮಾಡುವ ಮಂತ್ರಿ ಜನಕ್ಕೆ ಜವಾಬು ಹೇಳಬೇಕು, ಗಂಟಿನ ಬೀಗದ ಕೈ ಇಟ್ಟುಕೊಂಡವನು ಹೇಳಬೇಕಾಗಿಲ್ಲ. 1924ರ ಫೆಬ್ರವರಿಯಲ್ಲಿ ದೆಹಲಿಯ ಶಾಸನ ಸಭೆಯಲ್ಲಿ ಗೃಹ ಸದಸ್ಯ ಮಾಲ್ಕಮ್ ಹೇಲಿಯವರು, ವಾಗ್ದಾನ ಮಾಡಿರುವುದು ರೆಸ್ಪಾನ್ಸಿಬಲ್ ಗವರ್ನ್‌ಮೆಂಟಿನದು, ಅದು ಡೊಮಿನಿಯನ್ ಪದವಿಯೇ ಆಗಬೇಕೆಂದಿಲ್ಲ ಎಂದು ಕೂದಲು ಸೀಳಿದರು. ಪತ್ರಿಕೆಗಳು ಆ ಕೂದಲನ್ನು ಮತ್ತೆ ಸೀಳಿದವು. 1926ರಲ್ಲಿ ಕೇಳ್ಕರ್, ಜಯಕರ್ ಮುಂತಾದವರು ಸರ್ಕಾರದ ನಡೆಗೆ ತಕ್ಕಂತೆ ನಮ್ಮ ನಡೆ ಎಂಬ ನೀತಿಯ ಪಕ್ಷ ಕಟ್ಟಿದಾಗ ಅವರಿಗೆ ‘ರೆಸ್ಪಾನ್ಸಿವಿಸ್ಟ್’ ಎಂದು ಹೆಸರು ಬಿತ್ತು. ಬೇರು ಅದೇ. ಒಂದೇ ಪುಟದಲ್ಲಿ ಎರಡೂ ಪದ ಕಂಡು ಅಂದಿನ ವಾಚಕರು ಎಷ್ಟು ತಬ್ಬಿಬ್ಬಾದರೋ!

ಇದರ ಜೊತೆಗೇ ಅಂದಿನ ಪತ್ರಿಕೆಗಳಲ್ಲಿ ಆ ಪದಕ್ಕೆ ಇನ್ನೊಂದು ಬಳಕೆಯೂ ಜೋರಾಗಿತ್ತು. ‘ರೆಸ್ಪಾನ್ಸಿಬಲ್ ವಲಯಗಳಿಂದ ತಿಳಿದುಬಂದಂತೆ’, ‘ರೆಸ್ಪಾನ್ಸಿಬಲ್ ಅಭಿಪ್ರಾಯ’, ‘ರೆಸ್ಪಾನ್ಸಿಬಲ್ ಮುಖಂಡರು’ ಎಂಬಂಥ ಮಾತುಗಳು. ಇವಕ್ಕೆ ಎದುರಾಗಿ ‘ಇರೆಸ್ಪಾನ್ಸಿಬಲ್ ಚಳವಳಿಗಾರರು’. ಸರ್ಕಾರಕ್ಕೆ ಒಪ್ಪುವ ಮಾತಾಡಿದರೆ ಮೊದಲ ಗುಂಪು, ಒಪ್ಪದಿದ್ದರೆ ಎರಡನೆಯದು. ಹೀಗೆ ಒಂದು ಕಾಲಂನಲ್ಲಿ ಜನರು ಸರ್ಕಾರವನ್ನು ರೆಸ್ಪಾನ್ಸಿಬಲ್ ಆಗು ಎಂದು ಕೇಳುತ್ತಿದ್ದರೆ, ಪಕ್ಕದ ಕಾಲಂನಲ್ಲಿ ಸರ್ಕಾರ ಜನರನ್ನು, ಮೊದಲು ನೀವು ರೆಸ್ಪಾನ್ಸಿಬಲ್ ಆಗಿ, ಆಮೇಲೆ ನೋಡೋಣ ಎನ್ನುತ್ತಿತ್ತು. ಜನ ಕೇಳಿದ್ದು ಉತ್ತರ. ಸರ್ಕಾರ ಕೇಳಿದ್ದು ವಿಧೇಯತೆ. ಮಕ್ಕಳ ಪ್ರಗತಿ ಪತ್ರದ ಅರ್ಥಕ್ಕೂ ಮಂತ್ರಿಮಂಡಲದ ಅರ್ಥಕ್ಕೂ ಅಂದೇ ಕುಸ್ತಿ ನಡೆದಿತ್ತು.

ಕನ್ನಡದ ಮಾತಿಗೆ ಬರೋಣ. ನಮ್ಮ ಪತ್ರಿಕೆಗಳು ಇದನ್ನು ‘ಜವಾಬ್ದಾರಿ ಸರ್ಕಾರ’ ಎಂದು ಕರೆದವು. ಜವಾಬು ಎಂದರೆ ಉತ್ತರ, ಅದು ಅರಬ್ಬಿಯ ಮಾತು. ‘ದಾರ’ ಎಂಬುದು ಪಾರ್ಸಿಯ ಪ್ರತ್ಯಯ, ಇಟ್ಟುಕೊಂಡವನು ಎಂದರ್ಥ. ಜವಾಬ್ದಾರನೆಂದರೆ ಉತ್ತರವನ್ನು ಕೈಯಲ್ಲಿ ಹಿಡಿದವನು. ಲ್ಯಾಟಿನ್ ಬೇರಿಗೂ ಅರಬ್ಬಿ ಬೇರಿಗೂ ನಂಟಿಲ್ಲ, ಆದರೂ ಎರಡೂ ಒಂದೇ ಕಡೆಗೆ ಬಂದು ನಿಂತಿವೆ. ನಮ್ಮ ಅಚ್ಚಗನ್ನಡದ ‘ಹೊಣೆ’ಯೂ ಸಾಮಾನ್ಯದ್ದಲ್ಲ. ಅದರ ಹಳೆಯ ಅರ್ಥ ಜಾಮೀನು. ಒಬ್ಬನ ಪರವಾಗಿ ಇನ್ನೊಬ್ಬ ನಿಂತುಕೊಳ್ಳುವುದು.

ಹೈದರಾಬಾದಿನಲ್ಲಿ ಸಂಸಾರ ಮಾಡುವ ನಮಗೆ ಒಂದು ಅನುಕೂಲವುಂಟು. ನಾಲ್ಕು ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ಮರಾಠಿಯವರೂ ನಮ್ಮಂತೆ ‘ಜಬಾಬದಾರ’ ಎಂದರು. ಉರ್ದುವಿನವರು ‘ಜಿಮ್ಮೇದಾರಾನಾ ಹುಕೂಮತ್’ ಎಂದರು. ಜಿಮ್ಮಾ ಎಂದರೆ ವಹಿಸಿಕೊಂಡ ಹೊರೆ. ತೆಲುಗಿನವರು ‘ಬಾಧ್ಯತಾಯುತ ಪ್ರಭುತ್ವಂ’ ಎಂದರು. ಬಾಧ್ಯ ಎಂದರೆ ಕಟ್ಟುಬಿದ್ದವನು. ಒಂದರಲ್ಲಿ ಹೊರೆ, ಒಂದರಲ್ಲಿ ಕಟ್ಟು. ಉತ್ತರ ಎಂಬ ಅರ್ಥವನ್ನು ಉಳಿಸಿಕೊಂಡದ್ದು ಕನ್ನಡ ಮತ್ತು ಮರಾಠಿ. ನೆರೆಯವರೊಡನೆ ಜಂಬ ಕೊಚ್ಚಲು ಇದನ್ನು ಹೇಳುತ್ತಿಲ್ಲ. ನಾವು ದಿನವೂ ಆಡುವ ಮಾತಿನ ಹೊಟ್ಟೆಯೊಳಗೆ ಒಂದು ಪ್ರಶ್ನೆ ಕುಳಿತಿದೆ ಎಂದು ತೋರಿಸಲು ಹೇಳಿದೆವು.

ಕನ್ನಡಿಗರ ವಿಷಯದಲ್ಲಿ ಈ ಪದದ ಕಥೆ ಇನ್ನೂ ವಿಚಿತ್ರ. 1937ನೆಯ ಇಸವಿಯನ್ನೇ ತೆಗೆದುಕೊಳ್ಳಿ. ಆಗ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತಷ್ಟೆ. 1935ರ ಕಾಯಿದೆಯಂತೆ 1937ರ ಏಪ್ರಿಲ್ 1ರಿಂದ ಬ್ರಿಟಿಷ್ ಪ್ರಾಂತಗಳಿಗೆ ಸ್ವಾಯತ್ತತೆ ಬಂತು. ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 3 ಕೋಟಿ ಜನರಿಗೆ ಮಾತ್ರ ಮತವಿದ್ದರೂ ಮಂತ್ರಿಗಳು ಶಾಸನ ಸಭೆಗೆ ಉತ್ತರ ಕೊಡುವವರಾದರು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ, ಬೆಳಗಾವಿ, ಬಿಜಾಪುರದ ಕನ್ನಡಿಗರಿಗೆ ಬಾಳಾಸಾಹೇಬ ಖೇರರ ಮಂತ್ರಿಮಂಡಲ. ಮದ್ರಾಸಿಗೆ ಸೇರಿದ್ದ ಬಳ್ಳಾರಿ, ಮಂಗಳೂರು, ಕಾಸರಗೋಡಿನವರಿಗೆ ರಾಜಾಜಿಯವರ ಮಂತ್ರಿಮಂಡಲ. ಹುಬ್ಬಳ್ಳಿಯಲ್ಲಿ ಪತ್ರಿಕೆ ಬಿಡಿಸಿದವನಿಗೆ ‘ಜವಾಬ್ದಾರಿ ಸರ್ಕಾರ’ ಎಂದರೆ ಕೈಗೆ ಬಂದ ವಸ್ತು. ಅದು ಸಾಲದು ಎಂಬುದು ಅವನ ತಕರಾರು.

ಮೈಸೂರಿನಲ್ಲಿ ಓದುವವನಿಗೆ ಅದು ಕೇಳುತ್ತಿರುವ ವಸ್ತು. 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇದ್ದ ಸಂಸ್ಥಾನ ಅದು. 1907ರಿಂದ ನ್ಯಾಯ ವಿಧಾಯಕ ಸಭೆಯೂ ಇತ್ತು. ಪ್ರತಿನಿಧಿಗಳು ಪ್ರಶ್ನೆ ಕೇಳಬಹುದಾಗಿತ್ತು, ದಿವಾನರು ಸೌಜನ್ಯದಿಂದ ಉತ್ತರಿಸುತ್ತಿದ್ದರು. ಆದರೆ ಉತ್ತರ ಒಪ್ಪಿಗೆಯಾಗದಿದ್ದರೆ ದಿವಾನರನ್ನು ಇಳಿಸುವ ಹಕ್ಕು ಸಭೆಗಿರಲಿಲ್ಲ. ಇಲ್ಲಿ ಒಂದು ನಾಜೂಕಾದ ಪ್ರಶ್ನೆಯಿದೆ. ನಾಲ್ವಡಿ ಕೃಷ್ಣರಾಜ ಒಡೆಯರಂಥ ಧರ್ಮಿಷ್ಠ ಅರಸರು, ಮಿರ್ಜಾ ಇಸ್ಮಾಯಿಲರಂಥ ದಕ್ಷ ದಿವಾನರು. ಕನ್ನಂಬಾಡಿ ಕಟ್ಟೆಯಾಗಿತ್ತು, ಬೆಂಗಳೂರಿಗೆ 1905ರಲ್ಲೇ ವಿದ್ಯುದ್ದೀಪ ಬಂದಿತ್ತು, ಮಾದರಿ ಸಂಸ್ಥಾನವೆಂದು ದೇಶವೇ ಹೊಗಳುತ್ತಿತ್ತು. ಇಷ್ಟು ಚೆನ್ನಾಗಿ ಆಳುವವರನ್ನು ಮತ್ತೆ ಜವಾಬು ಕೇಳುವುದೇನು? ಎಂದು ಎಷ್ಟೋ ಸಂಭಾವಿತರು ಕೇಳಿದರು. ‘ತಾಯಿನಾಡು’, ‘ವಿಶ್ವಕರ್ಣಾಟಕ’ದಂಥ ಪತ್ರಿಕೆಗಳು ಜನರ ಪರ ನಿಂತವು. ಚೆನ್ನಾಗಿ ಆಳುವುದು ಒಂದು, ಉತ್ತರ ಕೊಡುವುದು ಇನ್ನೊಂದು, ಒಂದಿದ್ದರೆ ಇನ್ನೊಂದು ಬೇಡವೆಂದಾಗುವುದಿಲ್ಲ. ಇದು ಆ ಚಳವಳಿಯ ಒಟ್ಟು ಸಾರ. ಮನೆಯ ಯಜಮಾನ ಎಷ್ಟೇ ಒಳ್ಳೆಯವನಾಗಿರಲಿ, ಖರ್ಚಿನ ಲೆಕ್ಕ ಕೇಳುವ ಹಕ್ಕು ಹೆಂಡತಿಗೆ ಬೇಕಲ್ಲವೆ?

ಇನ್ನು ಬೀದರ್, ಗುಲ್ಬರ್ಗ, ರಾಯಚೂರು, ನಮ್ಮಲ್ಲಿ ಅನೇಕರ ಹಿರಿಯರ ಊರುಗಳು. ಅಲ್ಲಿ ಅದು ಕೇಳಲೂ ಬಾರದ ವಸ್ತು. 1929ರ ಸುಮಾರಿಗೆ ನಿಜಾಮ್ ಸರ್ಕಾರ ಹೊರಡಿಸಿದ 53ನೆಯ ನಂಬರಿನ ಗಸ್ತಿ ಕುಪ್ರಸಿದ್ಧವಾದದ್ದು. ಗಸ್ತಿ ಎಂದರೆ ನಮ್ಮ ಕಛೇರಿಯ ಸುತ್ತೋಲೆ. ಸಾರ್ವಜನಿಕ ಸಭೆ ನಡೆಸಬೇಕಾದರೆ ಮುಂಚಿತವಾಗಿ ಅನುಮತಿ ಪಡೆಯಬೇಕೆಂಬುದು ಅದರ ತಾತ್ಪರ್ಯ. ಒಂದು ಸುತ್ತೋಲೆ ಒಂದು ರಾಜ್ಯದ ಬಾಯಿಗೆ ಬೀಗ ಹಾಕಿತು. ಹೊರಗಿನ ಕೆಲವು ಪತ್ರಿಕೆಗಳಿಗೂ ಆಗಾಗ್ಗೆ ಪ್ರವೇಶ ನಿಷೇಧವಾಗುತ್ತಿತ್ತು. ಆದ್ದರಿಂದ ರಾಜಕೀಯವು ಭಾಷೆ ಮತ್ತು ಸಾಹಿತ್ಯದ ಹೆಸರಿನ ಹಿಂದೆ ನಡೆಯಬೇಕಾಯಿತು. ತೆಲುಗರ ಆಂಧ್ರ ಮಹಾಸಭೆ 1930ರಲ್ಲಿ ಜೋಗಿಪೇಟೆಯಲ್ಲಿ ಸೇರಿತು. ಅಧ್ಯಕ್ಷರು ‘ಗೋಲಕೊಂಡ ಪತ್ರಿಕೆ’ಯ ಸಂಪಾದಕ ಸುರವರಂ ಪ್ರತಾಪರೆಡ್ಡಿಯವರು. ಮರಾಠಿಗರ ಪರಿಷತ್ತೂ ಬೀದರಿನಲ್ಲಿ ಕನ್ನಡಿಗರ ಕರ್ನಾಟಕ ಪರಿಷತ್ತೂ 1937ರಲ್ಲಿ ಹುಟ್ಟಿದವು. ಈ ಊರಿನಲ್ಲಿ 1927ರಲ್ಲಿ ಮಂದುಮುಲ ನರಸಿಂಗರಾಯರು ತೆಗೆದ ಉರ್ದು ಪತ್ರಿಕೆಯ ಹೆಸರು ‘ರಯ್ಯತ್’. ರಯ್ಯತ್ ಎಂದರೆ ಆಳಿಸಿಕೊಳ್ಳುವ ಪ್ರಜೆ. ನಮ್ಮ ‘ರೈತ’ ಶಬ್ದ ಬಂದದ್ದೂ ಅದರಿಂದಲೇ. ಪ್ರಶ್ನೆ ಕೇಳುವವನ ಹೆಸರನ್ನೇ ಪತ್ರಿಕೆಗೆ ಇಟ್ಟದ್ದು ಎಷ್ಟು ಉಚಿತ!

ಗದಗಿನಿಂದ ಕೊಪ್ಪಳಕ್ಕೆ ರೈಲಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ. ಗದಗು ಮುಂಬಯಿಯ ಪ್ರಾಂತ, ಕೊಪ್ಪಳ ನಿಜಾಮರ ಸೀಮೆ. ಅಷ್ಟರೊಳಗೆ ಒಂದೇ ಕನ್ನಡದ ಪದ, ಇರುವ ವಸ್ತುವಿನಿಂದ ಇಲ್ಲದ ವಸ್ತುವಾಗಿ, ಹೇಳಬಹುದಾದ ಮಾತಿನಿಂದ ಹೇಳಬಾರದ ಮಾತಾಗಿ ಬಿಡುತ್ತಿತ್ತು. ತುಂಗಭದ್ರೆಯ ದಕ್ಷಿಣ ದಡದಲ್ಲಿ ಮಂತ್ರಿಯನ್ನು ಪ್ರಶ್ನಿಸಬಹುದು. ಉತ್ತರ ದಡದಲ್ಲಿ ಸಭೆ ಸೇರಲೂ ಚೀಟಿ ಬೇಕು. ನಾಡು ಒಂದಾಗಬೇಕೆಂಬ ಕೂಗಿಗೆ ಭಾಷಾಭಿಮಾನವಷ್ಟೇ ಕಾರಣವಲ್ಲ, ಈ ಅಸಮತೆಯೂ ಕಾರಣ ಎಂದು ನಮ್ಮ ಎಣಿಕೆ.

1938ರಲ್ಲಿ ಈ ಪದ ಪತ್ರಿಕೆಗಳ ಮೊದಲ ಪುಟವನ್ನು ಬಿಟ್ಟು ಕದಲಲಿಲ್ಲ. ಫೆಬ್ರವರಿಯಲ್ಲಿ ಹರಿಪುರದ ಕಾಂಗ್ರೆಸ್ ಅಧಿವೇಶನ ಸಂಸ್ಥಾನಗಳಲ್ಲೂ ಪೂರ್ಣ ಜವಾಬ್ದಾರಿ ಸರ್ಕಾರ ಬೇಕೆಂದಿತು. ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ. ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್. ಹಲವರು ಪ್ರಾಣ ಬಿಟ್ಟರು. ಸರದಾರ ಪಟೇಲರು ಬೆಂಗಳೂರಿಗೆ ಬಂದು ದಿವಾನ ಮಿರ್ಜಾರೊಡನೆ ಒಪ್ಪಂದವಾಯಿತು. ಸುಧಾರಣಾ ಸಮಿತಿಯು ಜವಾಬ್ದಾರಿ ಸರ್ಕಾರದ ವಿಚಾರವನ್ನೂ ಪರಿಶೀಲಿಸಬಹುದು ಎಂದಾಯಿತು. ‘ಪರಿಶೀಲಿಸಬಹುದು’ ಎಂಬ ಕ್ರಿಯಾಪದದ ತೂಕ ಎಷ್ಟೆಂಬುದನ್ನು ಸರ್ಕಾರಿ ಕಛೇರಿಗೆ ಒಮ್ಮೆಯಾದರೂ ಅರ್ಜಿ ಹಾಕಿದ ವಾಚಕರಿಗೆ ವಿವರಿಸಬೇಕಾಗಿಲ್ಲ.

ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಸರದಿ. ಸ್ಟೇಟ್ ಕಾಂಗ್ರೆಸ್ ಹುಟ್ಟಬೇಕಾಗಿದ್ದುದು ಆ ತಿಂಗಳ 9ರಂದು; ಅದಕ್ಕೆ ನಿಷೇಧ ಬಂದದ್ದು 7ರಂದು. ಹುಟ್ಟದ ಕೂಸಿಗೆ ಶಿಕ್ಷೆ! ಅದು ಕೋಮುವಾದಿ ಸಂಸ್ಥೆ ಎಂದು ಸರ್ಕಾರ ಕಾರಣ ಕೊಟ್ಟಿತು. ಅದು ಕೇಳಲಿದ್ದದ್ದಾದರೂ ಏನು? ನಿಜಾಮರ ಛತ್ರಛಾಯೆಯಲ್ಲಿಯೇ ಜವಾಬ್ದಾರಿ ಸರ್ಕಾರ ಬೇಕು ಎಂದು. ಮೈಸೂರಿನವರೂ ಮಹಾರಾಜರ ಛತ್ರಛಾಯೆಯಲ್ಲಿಯೇ ಎಂದು ಕೇಳಿದ್ದರು. ಸಿಂಹಾಸನ ಅಲ್ಲೇ ಇರಲಿ, ಮಂತ್ರಿಗಳು ಮಾತ್ರ ನಮಗೆ ಉತ್ತರ ಕೊಡಲಿ ಎಂಬಷ್ಟೇ ವಿನಂತಿ. ಅಕ್ಟೋಬರ್ 24ರಿಂದ ಸತ್ಯಾಗ್ರಹ ನಡೆಯಿತು. ಬಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಾಮಾನಂದ ತೀರ್ಥರು ಆಗ ಸೆರೆಮನೆ ಸೇರಿದವರಲ್ಲಿ ಒಬ್ಬರು. ಡಿಸೆಂಬರಿನಲ್ಲಿ ಸತ್ಯಾಗ್ರಹವನ್ನು ನಿಲ್ಲಿಸಲಾಯಿತು. ನಿಷೇಧ ಮಾತ್ರ 1946ರ ವರೆಗೂ ನಿಂತಿತ್ತು.

1939ರ ಜುಲೈಯಲ್ಲಿ ನಿಜಾಮ್ ಸರ್ಕಾರ, ಅರವಮುದು ಅಯ್ಯಂಗಾರ್ ಸಮಿತಿಯ ವರದಿಯ ಮೇಲೆ, ಸುಧಾರಣೆಗಳನ್ನು ಸಾರಿತು. 85 ಜನರ ಸಭೆ. ಅದರಲ್ಲಿ ಚುನಾಯಿತರು 42. ಲೆಕ್ಕ ಹಾಕಿ ನೋಡಿ, ಅರ್ಧಕ್ಕೆ ಅರ್ಧ ಸ್ಥಾನ ಕಡಿಮೆ! ಮಂತ್ರಿಗಳು ಸಭೆಗೆ ಉತ್ತರ ಕೊಡಬೇಕಾಗಿರಲಿಲ್ಲ. ಪ್ರಜೆಗಳನ್ನು ಅರಸನೇ ನೇರವಾಗಿ ಪ್ರತಿನಿಧಿಸುತ್ತಾನೆ, ಇಂದು ಬಂದು ನಾಳೆ ಹೋಗುವ ಚುನಾಯಿತರಿಗಿಂತ ಅವನ ಸಂಬಂಧವೇ ಗಟ್ಟಿ ಎಂಬುದು ಅಧಿಕೃತ ವಾದ. ಪಾಂಡಿತ್ಯದ ವಾದವೇ. ಆದರೆ ಕೇಳುವವನೂ ಹೇಳುವವನೂ ಒಬ್ಬನೇ ಆದಮೇಲೆ ಜವಾಬೆಂಬುದು ಎಲ್ಲಿ ಉಳಿಯಿತು?

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯುದ್ಧ ಬಂತು. ವೈಸರಾಯರು ಭಾರತವನ್ನೂ ಯುದ್ಧಕ್ಕೆ ಸೇರಿಸಿದಾಗ ಮುಂಬಯಿ, ಮದ್ರಾಸಿನ ಜವಾಬ್ದಾರಿ ಸರ್ಕಾರಗಳನ್ನು ಒಂದು ಮಾತು ಕೇಳಲಿಲ್ಲ. ಕಾಂಗ್ರೆಸ್ ಮಂತ್ರಿಮಂಡಲಗಳು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ರಾಜೀನಾಮೆ ಕೊಟ್ಟವು. ಹುಬ್ಬಳ್ಳಿಯವನ ಕೈಯಲ್ಲಿದ್ದ ವಸ್ತುವೂ ಹೀಗೆ ಜಾರಿಹೋಯಿತು. ಮೈಸೂರಿಗೆ ಅದು ದೊರೆತದ್ದು ‘ಮೈಸೂರು ಚಲೋ’ ಚಳವಳಿಯ ನಂತರ 1947ರ ಅಕ್ಟೋಬರಿನಲ್ಲಿ, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲದೊಂದಿಗೆ. ಹೈದರಾಬಾದು ಮತ್ತೂ ಕಾಯಬೇಕಾಯಿತು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ, 1952ರ ಚುನಾವಣೆಯಾದ ಮೇಲೆ ಬೂರ್ಗುಲ ರಾಮಕೃಷ್ಣರಾಯರ ಮಂತ್ರಿಮಂಡಲ ಬಂದಾಗಲೇ ಇಲ್ಲಿಯ ಜನ ತಾವು ಆರಿಸಿದವರನ್ನು ಜವಾಬು ಕೇಳುವಂತಾದದ್ದು. 1917ರ ಮಾತು ಲಂಡನ್ನಿನಿಂದ ಹೈದರಾಬಾದಿಗೆ ತಲುಪಲು 35 ವರ್ಷ ಹಿಡಿಯಿತು.

ಗೆದ್ದ ಮೇಲೆ ‘ಜವಾಬ್ದಾರಿ ಸರ್ಕಾರ’ ಎಂಬ ಮಾತು ಪತ್ರಿಕೆಗಳಿಂದ ಮಾಯವಾಯಿತು. ಎಲ್ಲ ಸರ್ಕಾರಗಳೂ ಜವಾಬ್ದಾರಿ ಸರ್ಕಾರಗಳೇ ಆದಮೇಲೆ ವಿಶೇಷಣ ಏಕೆ? ಆದರೆ ವಿಶೇಷಣದ ಜೊತೆಗೆ ಅದರೊಳಗಿದ್ದ ‘ಯಾರಿಗೆ?’ ಎಂಬ ಪ್ರಶ್ನೆಯೂ ಜಾರಿಹೋಯಿತು. ಪ್ರಗತಿ ಪತ್ರದ ಅರ್ಥವೂ ಮೆಮೊದ ಅರ್ಥವೂ ಉಳಿದುಕೊಂಡವು.

ಇದು ಬರಿಯ ಪದಚರ್ಚೆಯಲ್ಲವೆಂದು ನಮಗೆ ಮನದಟ್ಟಾದದ್ದು ಮನೆಯ ಒಂದು ಪ್ರಸಂಗದಿಂದ. ನಮ್ಮ ತಂದೆಯವರು ರಾಯಚೂರು ಕಡೆ ಸರ್ಕಾರಿ ಶಾಲೆಯ ಮಾಸ್ತರರಾಗಿದ್ದು ನಿವೃತ್ತರಾಗಿದ್ದರು. ಅವರು ತೀರಿಕೊಂಡ ಮೇಲೆ ತಾಯಿಯವರನ್ನು ಹೈದರಾಬಾದಿಗೆ ಕರೆತಂದೆವು. ಅವರ ಪೆನ್ಶನ್ನನ್ನು ಇಲ್ಲಿಗೆ ವರ್ಗಾಯಿಸಲು ಅರ್ಜಿ ಕೊಟ್ಟೆವು. ಊರ ಕಡೆಯ ಕಛೇರಿಯಿಂದ ಉತ್ತರ ಬಂತು: ‘ಕಾಗದಪತ್ರಗಳನ್ನು ಕಳುಹಿಸಲಾಗಿದೆ’. ಇಲ್ಲಿಯ ಕಛೇರಿಯಲ್ಲಿ ವಿಚಾರಿಸಿದರೆ: ಇನ್ನೂ ಬಂದಿಲ್ಲ, ಬಂದ ಕೂಡಲೆ ಕ್ರಮ ಜರುಗಿಸಲಾಗುವುದು. ಹೀಗೆ ಹನ್ನೊಂದು ತಿಂಗಳು. ಅಲ್ಲಿಯ ಪೆನ್ಶನ್ ನಿಂತಿತು, ಇಲ್ಲಿಯದು ಪ್ರಾರಂಭವಾಗಲಿಲ್ಲ. ತಾಯಿಯವರಿಗೆ ಊಟಬಟ್ಟೆಗೆ ಕೊರತೆಯಿರಲಿಲ್ಲ, ನಾವಿದ್ದೆವು. ಆದರೆ ತಿಂಗಳ ಮೊದಲ ವಾರ ಮೊಮ್ಮಕ್ಕಳ ಕೈಗೆ ತಮ್ಮ ದುಡ್ಡಿನಿಂದ ಹತ್ತಿಪ್ಪತ್ತು ರೂಪಾಯಿ ಕೊಡುತ್ತಿದ್ದ ಮುದುಕಿ, ಕಿರಾಣಿ ಅಂಗಡಿಗೂ ನಮ್ಮ ಮುಖ ನೋಡುವಂತಾಯಿತು. ಔಷಧಿಯ ಚೀಟಿಯನ್ನು ಮಡಿಚಿ ದಿಂಬಿನ ಕೆಳಗೆ ಇಟ್ಟುಕೊಂಡು ಸುಮ್ಮನಿರತೊಡಗಿದರು. ಒಂದು ದಿನ ಆ ಉತ್ತರಗಳನ್ನೆಲ್ಲ ನಮ್ಮಿಂದ ಓದಿಸಿ ಕೇಳಿ, “ಎಲ್ಲಾ ಆಗ್ಯಾದ ಅಂತಾರ, ಆಗ್ತದ ಅಂತಾರ. ಮಾಡಿದವರು ಯಾರು, ಮಾಡವರು ಯಾರಪಾ? ಇದಕ್ಕ ಜವಾಬ ಕೊಡಾಂವ ಒಬ್ಬನರ ಅದಾನೇನು?” ಎಂದರು.

ನಾಲ್ಕನೆಯ ಇಯತ್ತೆ ಓದಿದ ತಾಯಿಯವರು ಹಿಡಿದದ್ದು ಒಂದು ವ್ಯಾಕರಣದ ಸೂಕ್ಷ್ಮ. ಕಳುಹಿಸಲಾಗಿದೆ, ಜರುಗಿಸಲಾಗುವುದು, ಪರಿಶೀಲಿಸಲಾಗುತ್ತಿದೆ. ಈ ‘ಲಾಗಿದೆ’ ಭಾಷೆ ನಮ್ಮ ಕಛೇರಿಗಳ ಮಾತೃಭಾಷೆ. ಅದರಲ್ಲಿ ಕರ್ಮವುಂಟು, ಕ್ರಿಯಾಪದವುಂಟು; ಕರ್ತೃ ಇಲ್ಲ. ಕರ್ತೃವಿಲ್ಲದ ಕಡೆ ಜವಾಬ್ದಾರನೂ ಇಲ್ಲ. 1938ರವರು ‘ಯಾರಿಗೆ ಉತ್ತರ?’ ಎಂದು ಕೇಳಿ ಚತುರ್ಥಿಯನ್ನು ಗೆದ್ದುಕೊಟ್ಟರು. ನಮ್ಮ ಕಾಲದಲ್ಲಿ ಪ್ರಥಮಾ ವಿಭಕ್ತಿಯೇ ಕಾಣೆಯಾಗಿದೆ: ‘ಯಾರು?’

ಹೊರನಾಡಿನಲ್ಲಿರುವವರಿಗೆ ಈ ಕಷ್ಟ ಇಮ್ಮಡಿ. ಊರಿನಲ್ಲಿ ನಮ್ಮ ಓಟಿಲ್ಲ, ಆದ್ದರಿಂದ ಅಲ್ಲಿಯವರಿಗೆ ನಾವು ಬಿಟ್ಟುಹೋದವರು. ಇಲ್ಲಿ ಓಟಿದ್ದರೂ ಕಾಗದಗಳು ಅಲ್ಲಿಯವು, ಆದ್ದರಿಂದ ಇಲ್ಲಿಯವರಿಗೆ ನಾವು ಬಂದವರು. ಜಮೀನಿನ ಪಹಣಿ, ಮಕ್ಕಳ ಜಾತಿ ಪ್ರಮಾಣಪತ್ರ, ಹಿರಿಯರ ಪೆನ್ಶನ್, ಯಾವುದಾದರೂ ಒಂದಕ್ಕೆ ಎರಡು ರಾಜ್ಯಗಳ ನಡುವೆ ಓಡಾಡದ ಕುಟುಂಬ ನಮ್ಮ ಸಂಘದಲ್ಲಿ ಅಪರೂಪ.

ತಾಯಿಯವರ ಮಾತಿನ ಮೇಲೆ ನಾವು 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಊರ ಕಡೆಯ ಕಛೇರಿಗೆ ಅರ್ಜಿ ಹಾಕಿದೆವು. ದೂರು ಬರೆಯಲಿಲ್ಲ, ಮೂರೇ ಪ್ರಶ್ನೆ: ಕಾಗದಪತ್ರಗಳನ್ನು ಕಳುಹಿಸಿದವರು ಯಾರು? ಯಾವ ತಾರೀಖು? ಯಾವ ರವಾನೆ ನಂಬರು? ಕಾಯಿದೆ ಹೇಳುವ 30 ದಿನಗಳೊಳಗೆ ಉತ್ತರ ಬಂತು. ಅದರಲ್ಲಿ ಹೆಸರಿತ್ತು, ಹುದ್ದೆಯಿತ್ತು, ನಂಬರಿತ್ತು. ಆ ನಂಬರು ಹಿಡಿದು ಇಲ್ಲಿಯ ಕಛೇರಿಯಲ್ಲಿ ಹುಡುಕಿಸಿದಾಗ ಕಾಗದಗಳು ಬೇರೊಂದು ವಿಭಾಗದ ಕಟ್ಟಿನಲ್ಲಿ ಸಿಕ್ಕವು. ಬಾಕಿಯೂ ಸೇರಿ ಪೆನ್ಶನ್ ಬಂತು. ಮಂತ್ರಿಯೂ ಬೇಕಾಗಲಿಲ್ಲ, ಜಗಳವೂ ಆಗಲಿಲ್ಲ. ಬಂದ ಹಣದಲ್ಲಿ ತಾಯಿಯವರು ಮೊದಲು ಮಾಡಿದ್ದು, ಹನ್ನೊಂದು ತಿಂಗಳ ಬಾಕಿ ಲೆಕ್ಕ ಹಾಕಿ ಮೊಮ್ಮಕ್ಕಳಿಗೆ ಕೊಟ್ಟದ್ದು.

ಕೊನೆಗೆ ನಮ್ಮ ಮನೆಯಂಗಳದ ಮಾತೊಂದು ಉಂಟು. ಸಂಘದ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಕಾರ್ಯದರ್ಶಿಗಳು ವರದಿ ಓದುವ ಹೊತ್ತಿಗೆ ನಾವೆಲ್ಲ ಊಟದ ಸಾಲಿನತ್ತ ಕಣ್ಣಿಟ್ಟಿರುತ್ತೇವೆ. ಲೆಕ್ಕಪತ್ರ ಓದುವಾಗ ಅರ್ಧ ಕುರ್ಚಿ ಖಾಲಿ. ಪ್ರಶ್ನೆ ಕೇಳಿದವನನ್ನು ಜಗಳಗಂಟನೆಂದು ನೋಡುವ ವಾಡಿಕೆಯೂ ಬೆಳೆದಿದೆ. ನಮ್ಮ ಕಾರ್ಯಕಾರಿ ಸಮಿತಿಯವರು ಮನೆಯ ಕೆಲಸ ಬಿಟ್ಟು ದುಡಿಯುವ ಸಜ್ಜನರು, ಅದರಲ್ಲಿ ಎರಡು ಮಾತಿಲ್ಲ. ಮೈಸೂರಿನ ದಿವಾನರೂ ಸಜ್ಜನರೇ ಆಗಿದ್ದರು. ಪ್ರಶ್ನೆ ಕೇಳುವುದು ಅಪನಂಬಿಕೆಯಲ್ಲ, ಉತ್ತರ ಕೊಡುವುದು ಅವಮಾನವೂ ಅಲ್ಲ ಎಂದು ನಮ್ಮ ಮಕ್ಕಳು ಕಲಿಯಬೇಕಾದರೆ, ಕಲಿಯಲು ಹತ್ತಿರದ ಜಾಗ ಇದೇ. ಬರುವ ಸರ್ವಸದಸ್ಯರ ಸಭೆಗೆ ದೊಡ್ಡ ಮಕ್ಕಳನ್ನೂ ಕರೆತಂದು, ಲೆಕ್ಕಪತ್ರ ಮುಗಿಯುವ ತನಕ ಕೂರಿಸಿಕೊಳ್ಳೋಣ.

ಇನ್ನೊಂದು ಕೋರಿಕೆ. ವಾಚಕರ ಮನೆಗಳಲ್ಲಿ, ಅಟ್ಟದ ಮೇಲೆ, ಹಳೆಯ ಟ್ರಂಕುಗಳಲ್ಲಿ 1930ರ ದಶಕದ ಕನ್ನಡ, ಉರ್ದು, ಮರಾಠಿ, ತೆಲುಗು ಪತ್ರಿಕೆಗಳ ತುಣುಕುಗಳಿದ್ದರೆ, ಅಥವಾ ಆ ಕಾಲದ ಮಾತನ್ನು ಹಿರಿಯರ ಬಾಯಿಂದ ಕೇಳಿದವರಿದ್ದರೆ ಸಂಘದ ಕಛೇರಿಗೆ ತಿಳಿಸಬೇಕು. ನಮ್ಮ ಹಿರಿಯರು ‘ಜವಾಬು’ ಎಂದಾಗ ಏನನ್ನು ಕೇಳುತ್ತಿದ್ದರೆಂದು ಅವರದೇ ಮಾತಿನಲ್ಲಿ ಓದಿ ತಿಳಿಯುವುದಕ್ಕೆ ಅದರಿಂದ ಉಪಕಾರವಾಗುತ್ತದೆ.